ತಂತಿಯ ಕೆಳಗೆ ಎದ್ದ ಕಾಡು

ಅತ್ತೆ, ನಮಸ್ಕಾರ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ಓದಿ.

ದನ ಮೇದು ಬೋಳಾದ ಗುಡ್ಡದಲ್ಲಿ ಇಲ್ಲಿನ ಮೂಲ ಕಾಡನ್ನೇ ಮತ್ತೆ ಬೆಳೆಸುವುದು ನಮ್ಮ ಕೆಲಸ. ಗಾಳಿಯಲ್ಲಿ ಹೆಚ್ಚಾದ ಇಂಗಾಲವನ್ನು ಮರಗಳು ಹೀರಿ ತಮ್ಮೊಳಗೇ ಇಟ್ಟುಕೊಳ್ಳುತ್ತವಂತೆ. ಆದರೆ ನೆಟ್ಟ ಸಸಿಗಳಲ್ಲಿ ಅರ್ಧ ಒಣಗಿಹೋಗಿ ಎಲ್ಲರ ಮುಖವೂ ಸಪ್ಪಗಿತ್ತು. ನಿನ್ನೆ ಹಳೆಯ ತಂತಿಬೇಲಿಯ ಕೆಳಗೆ ಸಾಲಾಗಿ ಎದ್ದಿದ್ದ ಕಳೆಯನ್ನು ನಿಮ್ಮ ಹಾಗೆಯೇ ಬೇರುಸಮೇತ ಕೀಳುತ್ತಿದ್ದೆ. ಮೊದಲು ಇಲ್ಲೇ ದನ ಮೇಯಿಸುತ್ತಿದ್ದ ನಮ್ಮ ಮೇಸ್ತ್ರಿ ಕೂಗುತ್ತಾ ಓಡಿಬಂದರು: "ಕೈ ತೆಗಿಯಮ್ಮ! ಅದು ಕಳೆ ಅಲ್ಲ, ಕಾಡು! ತಂತಿ ಮೇಲೆ ಕೂತ ಹಕ್ಕಿಗಳ ಹಿಕ್ಕೆಯಿಂದ ಬಿದ್ದ ಬೀಜ. ನನ್ನ ದನಗಳಿದ್ದಾಗ ಒಂದೂ ಉಳೀತಿರ್ಲಿಲ್ಲ."

ಮುಖ ಎಲ್ಲಿ ಬಚ್ಚಿಡಲಿ ಅನ್ನಿಸಿತು. ಕಿತ್ತದ್ದನ್ನೆಲ್ಲ ಮತ್ತೆ ನೆಟ್ಟು ನೀರೆರೆದೆ. ಇವತ್ತು ಸಸಿ ಬಿಟ್ಟು ಗುಡ್ಡದ ತುಂಬ ಬರೀ ಕಂಬ ನೆಡುತ್ತಿದ್ದೇವೆ, ಹಕ್ಕಿಗಳು ಬಂದು ಕೂರಲಿ ಅಂತ! ಒಂದರ ಮೇಲೆ ಆಗಲೇ ಒಂದು ಹಕ್ಕಿ ಕೂತಿದೆ.

ಅಂಗೈ ತುಂಬ ಬೊಬ್ಬೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಕಾರ್ಡ್ ತುಂಬಿತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಏನಾದರೂ ಎದ್ದಿದ್ದರೆ, ದಯವಿಟ್ಟು, ನಾನು ಬರುವ ತನಕ ಕಳೆ ಅಂತ ಕೀಳಬೇಡಿ.

ನಿಮ್ಮ ಸೊಸೆ