ಗೂಬೆಮುಖದ ಕೈಗವಸು

ಸೋಮವಾರ, ಬೆಳಿಗ್ಗೆ

ಇವರಿಗೆ,

'ಪ್ರೀತಿಯ' ಎಂದು ಬರೆದು ಗೀಟು ಎಳೆದಿದ್ದೇನೆ. ಕಾಣುತ್ತದೆ, ಕಾಣಲಿ. ಕಾಡುಪ್ರಾಣಿಗಳ ಆರೈಕೆ ಕೇಂದ್ರದ ಹಿಂದಿನ ಕೋಣೆಯಲ್ಲಿದ್ದೇನೆ. ಬ್ಲೀಚಿನ ವಾಸನೆ, ಇಲಿಯ ವಾಸನೆ. ನಮ್ಮ ಮನೆಯ ಮೌನಕ್ಕಿಂತ ಇದೇ ವಾಸಿ.

ಫೋನಿನಲ್ಲಿ ಕೇಳಿದಿರಲ್ಲ, "ಒಂದು ಗೂಬೆಗೋಸ್ಕರ ಯಾರಾದ್ರೂ ಗಂಡನ್ನ ಬಿಟ್ಟು ಹೋಗ್ತಾರಾ?" ಅಂತ. ಹೇಳುತ್ತೇನೆ, ಕೇಳಿ.

ಔಷಧಿ ಅಂಗಡಿಯ ಕೆಲಸ ಬಿಟ್ಟು ಈ ತರಬೇತಿಗೆ ಸೇರಿದಾಗ ನಿಮ್ಮ ಅಕ್ಕನ ಮುಂದೆ ನಗುತ್ತಾ, "ಇನ್ಮೇಲೆ ನಮ್ಮನೇಲಿ ಕಾಗೆ ಡಾಕ್ಟರ್ ಇದ್ದಾರೆ" ಅಂದಿರಿ. ನುಂಗಿಕೊಂಡೆ. ತರಬೇತಿಗೆಂದು ಸಾಕಲು ಕೊಟ್ಟ ಗೂಬೆಮರಿಯನ್ನು ಮನೆಗೆ ತಂದ ದಿನ ಇಲ್ಲಿಯ ಡಾಕ್ಟರಮ್ಮ ಹೇಳಿದ್ದನ್ನೇ ನಿಮಗೂ ಹೇಳಿದೆ: ಇದು ಮನುಷ್ಯರಿಗೆ ಹೆದರಿಯೇ ಬೆಳೆಯಬೇಕು, ಮುಖ ತೋರಿಸಬಾರದು, ಮಾತಾಡಿಸಬಾರದು. ಇದು ಕಾಡು ಸೇರಿದರೆ ಮಾತ್ರ ನಾನು ಪಾಸು. ನೀವು ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದಿರಿ.

ನಿಮ್ಮ ಹಳೇ ಸ್ವೆಟರ್ ಕತ್ತರಿಸಿ ಗೂಬೆಮುಖದ ಕೈಗವಸು ಹೊಲಿದೆ, ತಾಯಿಗೂಬೆಯೇ ತಿನ್ನಿಸುತ್ತಿದೆ ಎಂದು ಮರಿ ನಂಬಲಿ ಅಂತ. ತಲೆತುಂಬ ಬೂದು ಬಟ್ಟೆ ಹೊದ್ದು, ಉಸಿರು ಬಿಗಿಹಿಡಿದು, ಆ ಕೈಯಿಂದಲೇ ತಿನ್ನಿಸಿದೆ. ಎತ್ತಿ ಮುದ್ದಾಡಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಒಂದು ಸಲವೂ ಮುದ್ದಾಡಲಿಲ್ಲ.

ಅದನ್ನು ಕಾಡಿಗೆ ಬಿಡುವ ಸಂಜೆ, ಎಂದೂ ಇಲ್ಲದೆ, ನೀವೂ ಬಂದಿರಿ. ನನಗೋಸ್ಕರ ಎಂದುಕೊಂಡು ಹಿಗ್ಗಿದೆ, ದಡ್ಡಿ. ಪೆಟ್ಟಿಗೆ ತೆರೆದೆವು. ಹಾರಿ ದೂರದ ಕೊಂಬೆ ಸೇರಿತು. ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ಆಗ ನೀವು ಶಿಳ್ಳೆ ಹಾಕಿದಿರಿ. ಅದು ನೆಟ್ಟಗೆ ಬಂದು ನಿಮ್ಮ ಹೆಗಲ ಮೇಲೆ ಕೂತು, ತಿನ್ನಲು ಕೊಡು ಎಂದು ಕಾಲರ್ ಎಳೆಯಿತು.

"ನೀನಿಲ್ದಾಗ ನಾನೇ ಮಾತಾಡಿಸ್ತಿದ್ದೆ, ಪಾಪ, ಒಂಟಿ ಅಲ್ವಾ ಅದು" ಅಂದಿರಿ. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಇದನ್ನ ಇನ್ನು ಬಿಡೋಕಾಗಲ್ಲಮ್ಮ. ಕಂಡೋರ ಹೆಗಲ ಮೇಲೆ ಕೂತು ಕಲ್ಲೇಟು ತಿಂದು ಸಾಯುತ್ತೆ" ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ನೀವು "ನನ್ನ ಮೇಲೆ ಗೂಬೆ ಕೂರಿಸ್ಬೇಡ" ಎಂದು ಗೊಣಗಿದಿರಿ. ಅಂಗಿಯ ಮೇಲೆ ಅದರ ಹಿಕ್ಕೆ ಇನ್ನೂ ಒಣಗಿರಲಿಲ್ಲ.

ಅದನ್ನು ಚಿನ್ನ, ಕಂದ, ಬಂಗಾರ ಎಂದೆಲ್ಲ ಕರೆಯುತ್ತಿದ್ದಿರಂತೆ; ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಾಳೆ. ನನಗೆ ಮಾತ್ರ ಇಷ್ಟು ವರ್ಷವೂ "ಏ", "ಕೇಳಿಸ್ತಾ", "ಊಟ". ಆ ಮಾತುಗಳು ನಿಮ್ಮ ಬಾಯಲ್ಲಿದ್ದವು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೌದು, ಗೂಬೆಯ ಮೇಲೆ ನನಗೆ ಹೊಟ್ಟೆಕಿಚ್ಚು. ನಗಬೇಕಾದರೆ ನಿಮ್ಮ ಅಕ್ಕನನ್ನೂ ಕರೆದು ನಗಿ.

ಡಾಕ್ಟರಮ್ಮ ಇನ್ನೊಂದು ಮರಿ ಕೊಡುತ್ತಾರಂತೆ, ಆ ಮನೆಗೆ ಮಾತ್ರ ಒಯ್ಯಬಾರದಂತೆ. ಹಾಗಾಗಿ ನಾನು ಇಲ್ಲಿ. ನಿಮ್ಮ ಆ ಗೂಬೆಯೂ ಇಲ್ಲೇ, ಸಾಯುವವರೆಗೆ ಪಂಜರದಲ್ಲಿ. ನೀವು ಈ ಕಡೆ ತಲೆ ಹಾಕಬೇಡಿ.

ಇಂತಿ,
ನಿಮ್ಮ ಕಾಗೆ ಡಾಕ್ಟರ್

ಮತ್ತೆ: ಅದು ಮೊನ್ನೆಯಿಂದ ಏನೂ ತಿಂದಿಲ್ಲ. ಕೈಗವಸು ಕಂಡರೆ ಮುಖ ತಿರುಗಿಸುತ್ತದೆ. ತಲೆಯ ಮೇಲಿನ ಬಟ್ಟೆ ತೆಗೆದು ಮುಖ ತೋರಿಸಿದೆ, ಶಿಳ್ಳೆ ಹಾಕಿದೆ, ಚಿನ್ನ ಅಂತಲೂ ಕರೆದೆ. ಬಾಗಿಲ ಕಡೆಯೇ ನೋಡುತ್ತದೆ. ಬನ್ನಿ. ತಿನ್ನಿಸಿ ಹೋಗಿ. ನಾನು ಪಕ್ಕದ ಕೋಣೆಯಲ್ಲಿರುತ್ತೇನೆ. ಅದನ್ನು ಕರೆಯುವಾಗ ಬಾಗಿಲು ಮುಚ್ಚಿಕೊಳ್ಳಿ.