ಮಗು ಕೇಳಿದ ಹೆಸರು

ವಿಹಿಗಾ, ಗುಡ್ಡದ ಮೇಲಿನ ಹುಡುಗರ ಹೈಸ್ಕೂಲು
ಶನಿವಾರ, ೨೧ ಆಗಸ್ಟ್ ೧೯೯೩

ಪ್ರೀತಿಯ ಎಜ್ರಾ,

ಹೇಗಿದ್ದೀರಿ? ಮೈ ಹುಷಾರಾಗಿದೆಯೇ? ಆ ಒಣ ಸೀಮೆಯ ಗಾಳಿಗೆ ಮೂಗಿನಲ್ಲಿ ರಕ್ತ ಬರುತ್ತದೆ ಎಂದು ಬರೆದಿದ್ದಿರಿ, ನಿಂತಿತೇ? ಅದು ಏಪ್ರಿಲ್ ತಿಂಗಳ ಮಾತು. ಅದೇ ನಿಮ್ಮ ಕೊನೆಯ ಪತ್ರ. ಆಮೇಲೆ ನಾನು ಆರು ಪತ್ರ ಹಾಕಿದ್ದೇನೆ. ಮೇ ಒಂಬತ್ತರಂದು ನಿಮಗೆ ಗಂಡು ಮಗು ಹುಟ್ಟಿದ್ದು ಗೊತ್ತಾಗಿದೆಯೋ ಇಲ್ಲವೋ ಎಂಬುದೂ ನನಗೆ ತಿಳಿಯದು. ನೀವು ಲಾರಿ ಓಡಿಸುವ ಲೋಕಿಚೋಗಿಯೊ ದಾರಿಯಲ್ಲಿ ಬರಗಾಲದವರಿಗೆ ಒಯ್ಯುವ ಜೋಳದ ಲಾರಿಗಳ ಮೇಲೆ ಗುಂಡು ಹಾರಿಸಿದರು ಎಂದು ಜೂನ್‌ನಲ್ಲಿ ರೇಡಿಯೊ ಹೇಳಿತು. ಯಾರ ಲಾರಿ, ಯಾರು ಓಡಿಸುತ್ತಿದ್ದರು ಎಂದು ಹೇಳಲಿಲ್ಲ. ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ.

ಇಲ್ಲಿ ನಮ್ಮ ಕ್ವೇಕರ್ ಸಭೆಯ ಹೆಂಗಸರ ವಾರ್ಷಿಕ ಕೂಟ ನಡೆದಿದೆ. ಸೋಮವಾರ ಬಂದೆವು, ನಾಳೆಯ ಆರಾಧನೆಗೆ ಮುಗಿಯುತ್ತದೆ. ನಾನು ಬರುವುದಿಲ್ಲ ಎಂದಿದ್ದೆ. “ಮನೇಲಿ ಕೂತು ಗೇಟು ನೋಡ್ತಿದ್ರೆ ಲಾರಿ ಬರುತ್ತಾ? ಏಳು ಮೇಲೆ” ಎಂದು ನಿಮ್ಮ ಅಮ್ಮ ಮಗುವಿನ ಬಟ್ಟೆಗಳನ್ನು ತಾವೇ ಗಂಟು ಕಟ್ಟಿದರು. ಐನೂರು ಹೆಂಗಸರು ಹುಡುಗರ ಹಾಸ್ಟೆಲಿನ ಮೇಲೊಂದು ಕೆಳಗೊಂದು ಮಂಚಗಳಲ್ಲಿ ಮಲಗುತ್ತೇವೆ. ಒಂದೊಂದು ಊರಿನ ಹಾಡುಗಾರ್ತಿಯರಿಗೆ ಒಂದೊಂದು ಬಣ್ಣದ ತಲೆವಸ್ತ್ರ; ನಮ್ಮದು ಹಸಿರು, ಮೊದಲ ಸಾಲಿನಲ್ಲಿ ನಿಮ್ಮ ಅಮ್ಮ. ಸೌದೆ ಒಡೆಯುವವರು, ಜೋಳದ ಹಿಟ್ಟಿನ ಉಗಾಲಿ ಮುದ್ದೆ ತಿರುವುವವರು, ಸೊಪ್ಪು ಬಿಡಿಸುವವರು ಎಂದು ಪಾಳಿ ಹಂಚಿಕೊಂಡಿದ್ದೇವೆ. ಬೆಳಿಗ್ಗೆ ಹಾಡು ಶುರುವಾಗುವ ಮೊದಲು ಅರ್ಧ ಗಂಟೆ ಮೌನ. ಐನೂರು ಜನ ಕಣ್ಣು ಮುಚ್ಚಿ ದೇವರ ಮಾತಿಗೆ ಕಾಯುತ್ತಿರುವಾಗ ನಿಮ್ಮ ಮಗ ಒಬ್ಬನೇ ಕಿರುಚುತ್ತಾನೆ. “ಇವನು ಕ್ವೇಕರ್ ಅಲ್ಲ ಕಣೇ ಮಿದೇವ, ಕೂಗಾಡಿ ಪ್ರಾರ್ಥನೆ ಮಾಡೋ ಪೆಂಟೆಕೋಸ್ಟಿನೋನು! ದಾರಿ ತಪ್ಪಿ ನಿನ್ನ ಹೊಟ್ಟೆಗೆ ಬಂದಿದಾನೆ” ಎಂದಳು ಪಕ್ಕದ ಮಂಚದ ಫ್ಯಾನಿಸ್. ನಾನು ಕಾಲೇಜಿನಲ್ಲಿ ಶಿಶು ಆರೋಗ್ಯದ ಪಾಠ ಓದಿದವಳು. ಇದು ಹೊಟ್ಟೆಯ ವಾಯು, ನಾಲ್ಕು ತಿಂಗಳು ತುಂಬಿದರೆ ತಾನೇ ಹೋಗುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ಮೂರು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ.

ಬುಧವಾರ ಮಧ್ಯಾಹ್ನ ಅಡುಗೆಮನೆಯ ಹಿಂದೆ ಕೂತು ಮ್ರೆಂಡಾ ಸೊಪ್ಪು ಬಿಡಿಸುತ್ತಿದ್ದೆವು. ಮಗು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ಮುದುಕಿ ರಾಸೋವ ಅವನನ್ನು ನನ್ನ ಬೆನ್ನಿನಿಂದ ಬಿಚ್ಚಿಕೊಂಡು ಮಡಿಲಲ್ಲಿ ಹಾಕಿಕೊಂಡಳು. “ಇದು ಹಾಲಿನ ಅಳು ಅಲ್ಲ, ಹೆಸರಿನ ಅಳು” ಎಂದಳು. ಅಳುವ ಮಗುವಿನ ಮುಂದೆ ಸತ್ತವರ ಹೆಸರು ಕೂಗಿ, ಅಳು ನಿಂತ ಹೆಸರನ್ನೇ ಮಗುವಿಗೆ ಇಡುವುದನ್ನು ಬಿಡಿ ಎಂದು ಮಿಷನರಿಗಳು ಹೇಳಿ ತೊಂಬತ್ತು ವರ್ಷವಾಯಿತು. ನಮ್ಮ ಹೆಂಗಸರು ಅದನ್ನು ಚರ್ಚಿನೊಳಗೆ ಬಿಟ್ಟಿದ್ದಾರೆ, ಅಡುಗೆಮನೆಯ ಹಿಂದೆ ಬಿಟ್ಟಿಲ್ಲ. “ಏನಪ್ಪಾ, ಅಡಗಾಲಾ ಅಜ್ಜನಾ ನೀನು? ಅಲ್ವಾ? ಲುಂಬಾಸಿನಾ? ಅವನೂ ಅಲ್ಲ. ಒಳ್ಳೇದಾಯ್ತು ಬಿಡು, ಅವನು ಮಹಾ ಕುಡುಕ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಸರುಗಳು ಮುಗಿದವು, ಅಳು ಮುಗಿಯಲಿಲ್ಲ. ನಿಮ್ಮ ಅಮ್ಮನಿಗೆ ಬೇಸರ ಬಂತು. “ಸಾಕು ಬಿಡು ರಾಸೋವ, ನಮ್ಮನೇಲಿ ಸತ್ತ ಗಂಡಸರು ಇಷ್ಟೇ. ಥೂ, ನಮ್ಮ ಕೆಗೋಡೆ ಹೀಗೆ ಅಳ್ತಿರಲಿಲ್ಲಪ್ಪ” ಎಂದು ಮನೆಯಲ್ಲಿ ನಿಮ್ಮನ್ನು ಕರೆಯುವ ಹೆಸರೆತ್ತಿದರು. ಮಗು ನಡುವೆಯೇ ಅಳು ನಿಲ್ಲಿಸಿ, ನಿಮ್ಮ ಅಮ್ಮನ ಕಡೆ ಕತ್ತು ಹೊರಳಿಸಿ, ಒಮ್ಮೆ ಬಿಕ್ಕಿ, ನಿದ್ದೆ ಹೋಯಿತು.

ಎಜ್ರಾ, ಸೊಪ್ಪು ಬಿಡಿಸುವ ಕೈಗಳೆಲ್ಲ ನಿಂತವು. ಮಗು ಕೇಳುವುದು ಸತ್ತವರ ಹೆಸರನ್ನು ಮಾತ್ರ, ಇದ್ದವರ ಹೆಸರಿಗೆ ಅದು ಸುಮ್ಮನಾಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಹುಟ್ಟಿದ ದಿನದಿಂದ ನಾನು ಅವನ ಕಿವಿಯಲ್ಲಿ ನಿಮ್ಮ ಆ ಹೆಸರನ್ನೇ ಹೇಳುತ್ತ ಬಂದಿದ್ದೇನೆ, ಕಿವಿಗೆ ರೂಢಿಯಾದ ಹೆಸರಿಗೆ ತಿರುಗಿ ನೋಡಿದ, ಅಷ್ಟೇ ಎಂದು ನಾನು ಹೇಳಬಹುದಿತ್ತು. ಮಗುವನ್ನು ತಿರುಗಿ ಬೆನ್ನಿಗೆ ಕಟ್ಟಿಕೊಂಡೆ.

ಆ ಸಂಜೆಯಿಂದ ಎಲ್ಲರೂ ನನಗೆ ಒಳ್ಳೆಯವರಾಗಿಬಿಟ್ಟರು. ನನ್ನನ್ನು ಹೆದರಿಸಿದ್ದು ಅದೇ. ಸ್ನಾನಕ್ಕೆ ಯಾರೋ ಬಿಸಿನೀರಿನ ಬಕೆಟ್ ತಂದಿಟ್ಟಿರುತ್ತಾರೆ. ಚಹಾದ ಸಾಲಿನಲ್ಲಿ ನನ್ನನ್ನು ಮುಂದೆ ಬಿಡುತ್ತಾರೆ. ಸೌದೆಯ ಪಾಳಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಫ್ಯಾನಿಸ್ ತಮಾಷೆ ಮಾಡುವುದನ್ನೇ ನಿಲ್ಲಿಸಿದ್ದಾಳೆ. “ಇಂತಾ ಒಳ್ಳೇತನ ಬೇಡ ಕಣೇ, ಬೈಯೇ ನನ್ನ” ಎಂದೆ, ಅವಳು ಕಣ್ಣು ತಪ್ಪಿಸಿದಳು. ಗುರುವಾರ ಹಾಡುವಾಗ ಹಸಿರು ತಲೆವಸ್ತ್ರಗಳ ಮೊದಲ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. “ನೀರು ಕುಡಿಯೋಕ್ಕೆ ಹೋಗಿದ್ದೆ” ಎಂದರು ಅಮ್ಮ. ಅವರ ತುಟಿ ಒಣಗಿತ್ತು.

ನಿನ್ನೆ ಶುಕ್ರವಾರ, ಭಾನುವಾರ ದೇವರಿಗೆ ಒಪ್ಪಿಸುವ ಮಕ್ಕಳ ಪಟ್ಟಿ ಸಭೆಗೆ ಬಂತು. ಸಭೆ ನಡೆಸುವವರು ಮಾಮಾ ದೋರ್ಕಾ. ನಮ್ಮಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲವಲ್ಲ. ಬರೆದದ್ದನ್ನು ಅವರು ಓದುತ್ತಾರೆ, ಯಾರೂ ಬೇಡ ಎನ್ನದಿದ್ದರೆ ಅದೇ ಸಭೆಯ ಮಾತು. ಎಲ್ಲ ಮಕ್ಕಳಿಗೂ ತಂದೆತಾಯಿ ಇಬ್ಬರ ಹೆಸರನ್ನೂ ಓದಿದರು. ನಮ್ಮವನದು ಬಂದಾಗ “ಮಿದೇವಳ ಮಗ, ಕೆಗೋಡೆ” ಎಂದು ಓದಿದರು. ರಾಸೋವ ಒಳ್ಳೆಯ ಮನಸ್ಸಿನಿಂದಲೇ ಹೋಗಿ ಬರೆಸಿದ್ದಳು. “ಸಮ್ಮತವೇ?” ಎಂದರು ದೋರ್ಕಾ. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಂತವು. ಒಪ್ಪಲಾರೆ ಎಂದೆ. “ಕಾರಣ ಹೇಳ್ತೀಯಾ ಮಗಳೇ? ಹೇಳ್ಲೇಬೇಕು ಅಂತಿಲ್ಲ” ಎಂದರು. ಅಲ್ಲಿಗೇ ಕೂತುಬಿಡಬೇಕಿತ್ತು. “ಅವರ ಪತ್ರ ಬಂದಿದೆ, ಹೋದ ವಾರ ಬಂತು, ಚೆನ್ನಾಗಿದ್ದಾರೆ” ಎಂದುಬಿಟ್ಟೆ.

ಬೇರೆ ಯಾವ ಸಭೆಯಾಗಿದ್ದರೂ ತೋರಿಸು ಎನ್ನುತ್ತಿದ್ದರು, ಬೈಬಲ್ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ನಮ್ಮವರು ಕೋರ್ಟಿನಲ್ಲೂ ಆಣೆ ಇಡದ ಜನ. ಆಡಿದ ಮಾತೇ ಸಾಕು. ದೋರ್ಕಾ ಆ ಸಾಲನ್ನು ಹೊಡೆದುಹಾಕಿ, ತಂದೆ ಕ್ಷೇಮವೆಂದು ಮಿದೇವ ತಿಳಿಸಿದ್ದಾಳೆ ಎಂದು ಪುಸ್ತಕದಲ್ಲಿ ಬರೆದರು. ಹಾಲ್ ತುಂಬ ಕೇಕೆ ಎದ್ದಿತು. ನಿಮ್ಮ ಅಮ್ಮ ಬೆಂಚುಗಳ ನಡುವೆ ನುಗ್ಗಿ ಬಂದು ನನ್ನ ಎರಡೂ ಕೆನ್ನೆ ಹಿಡಿದು ಮುಖವನ್ನೇ ನೋಡಿದರು. ಆಮೇಲೆ ತಿರುಗಿ ನಿಂತು ಹಾಡು ಎತ್ತಿದರು.

ಊಟದಲ್ಲಿ ಅವರದೇ ಮಾತು. “ಮತ್ತೇನ್ ಬರ್ದಿದಾನೆ? ನನ್ನ ಮಂಡಿ ಹೇಗಿದೆ ಅಂತ ಕೇಳಿದ್ನಾ?” ಕೇಳಿದ್ದಾರೆ ಎಂದೆ. “ಯಾವ ಮಂಡಿ ಅಂತ?” ಎಡಗಡೆಯದು ಎಂದೆ. “ಕೇಳಿದ್ರೇನ್ರೇ! ಎಡಗಡೆದು ಅಂತ ಜ್ಞಾಪಕ ಇಟ್ಕೊಂಡಿದಾನೆ!” ಎಂದು ಬೆಂಚಿನ ಉದ್ದಕ್ಕೂ ಸಾರಿದರು. ನೋಯುವುದು ಬಲಗಡೆಯದು ಎಂದು ನನಗೆ ಆಮೇಲೆ ನೆನಪಾಯಿತು. ಮುಂದಿನ ತಿಂಗಳ ಸಭೆಯಲ್ಲಿ ಆ ಪತ್ರವನ್ನು ಓದಿ ಹೇಳಬೇಕಂತೆ. ಅನುಮಾನದಿಂದಲ್ಲ, ಎಲ್ಲರಿಗೂ ಸಂತೋಷವಾಗಲಿ ಎಂದು. ನನ್ನ ಹತ್ತಿರ ಓದಲು ಏನಿದೆ? ದಯವಿಟ್ಟು ಜುಲೈ ತಾರೀಖು ಹಾಕಿ ಒಂದು ಪತ್ರ ಬರೆಯಿರಿ, ಮಂಡಿಯನ್ನು ಕೇಳಿ. ಕೂಟಕ್ಕೆ ಜೋಳ ತಂದ ಜೋಥಾಮ್ ಇವತ್ತು ಕಿಟಾಲೆಗೆ ಹೋಗಿ, ಅಲ್ಲಿಂದ ನಿಮ್ಮ ಕಡೆಯ ಲಾರಿಗಳ ಜೊತೆ ಬರುತ್ತಾನಂತೆ. ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮಗು ಈಗ ಬೆನ್ನ ಮೇಲೆ ಮಲಗಿದೆ. ಹೊದ್ದು ಮಲಗಿ, ಹಗಲಲ್ಲೇ ಪ್ರಯಾಣ ಮಾಡಿ. ದೇವರ ಬೆಳಕು ನಿಮ್ಮ ಮೇಲಿರಲಿ.

ನಿಮ್ಮ
ಮಿದೇವ

ತಾ.ಕ. — ಜೋಥಾಮ್ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದರು. ತಮ್ಮದೂ ನಾಲ್ಕು ಮಾತು ಬರಿ, ಹೇಳಿದ ಹಾಗೇ ಬರಿ, ತಿದ್ದಬೇಡ ಎಂದರು. ಬರೆಯುತ್ತಿದ್ದೇನೆ: “ಮಗಾ, ಅಂಚೆ ಪೆಟ್ಟಿಗೆ ಬೀಗದ ಕೈ ಇರೋದು ನನ್ನ ಕೊರಳಲ್ಲಿ. ವಾರವಾರ ಹೋಗಿ ತೆಗೆಯೋಳು ನಾನು. ಏಪ್ರಿಲ್‌ನಿಂದ ಅದ್ರಲ್ಲಿ ಏನೂ ಇಲ್ಲ. ಇವಳು ಸಭೇಲಿ ಎದ್ದು ನಿಂತಾಗ ನಾನೂ ಎದ್ದು ಅದು ನಿಜ ಅಲ್ಲ ಅನ್ಬೇಕಿತ್ತು. ಅನ್ನಲಿಲ್ಲ, ಹಾಡಿದೆ. ಈಗ ಸುಳ್ಳು ಇಬ್ರದೂ. ಇವಳ ಮೇಲೆ ಸಿಟ್ಟಾಗಬೇಡ. ಹಳೇ ತಾರೀಖು ಹಾಕು ಅಂತ ಬರ್ದಿರ್ತಾಳೆ, ಹಾಕ್ಬೇಡ, ಬರೆಯೋ ದಿನದ್ದೇ ಹಾಕು, ಸಭೆಗೆ ನಾನೇ ಎದ್ದು ಹೇಳ್ತೀನಿ. ಒಂದು ಸಾಲು ಸಾಕು. ಬರೆಯೋಕ್ಕೆ ಆಗದೇ ಇರೋ ಹಾಗೆ ಆಗಿದ್ರೆ” — ಇಲ್ಲಿಗೆ ನಿಲ್ಲಿಸಿ, ಮಗುವನ್ನು ನನ್ನ ಬೆನ್ನಿನಿಂದ ಬಿಚ್ಚಿಕೊಂಡು ಹೊರಗೆ ಹೋದರು. ಹೇಳಿದಷ್ಟನ್ನೇ ಬರೆದಿದ್ದೇನೆ. ಎಜ್ರಾ, ಬರೆಯಿರಿ.