ಗೆಳೆತನದ ಕುಲುಮೆ

ಗುರುವಾರ, ಮಧ್ಯಾಹ್ನ

ಮುದ್ದಿನ ಪುಟ್ಟೀ,

ನೀನು, ಅಳಿಯಂದಿರು, ಗುಬ್ಬಿ ಮೂವರೂ ಆರಾಮವಾಗಿದ್ದೀರಿ ಅಂದುಕೊಂಡೇ ಬರೆಯಲು ಕೂತಿದ್ದೇನೆ. ಹಾಗಂದುಕೊಳ್ಳದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಮಾತು ಬದಲಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಹಾಸಿಗೆ ಎಷ್ಟು ಮೆತ್ತಗಿದೆಯೆಂದರೆ ಬೆಳಿಗ್ಗೆ ಅದರಿಂದ ಎದ್ದು ಬರುವುದೇ ಒಂದು ಸಾಹಸ. ನಮ್ಮ ಮೇಯರ್, ನೀವೆಲ್ಲ ಹಿಂದಿನಿಂದ ರಿಬ್ಬನ್ ಸಾಹೇಬರು ಅನ್ನುವವರು, ಹೋದಲ್ಲೆಲ್ಲ ಕತ್ತರಿ ಹುಡುಕುತ್ತಾರೆ. ನಮ್ಮ ನಗರವೂ ಪರದೇಶದ ಈ ನಗರವೂ ಅಕ್ಕತಂಗಿಯರಾಗುತ್ತಿವೆಯಲ್ಲ, ಅಕ್ಕ ಯಾರು ಎನ್ನುವುದಕ್ಕೇ ಅರ್ಧ ದಿನ ಚರ್ಚೆಯಾಯಿತು. ಕೊನೆಗೆ ನಾವೇ ತಂಗಿಯೆಂದು ಸಾಹೇಬರು ಒಪ್ಪಿಬಿಟ್ಟರು. 'ತಂಗಿಗೇ ಉಡುಗೊರೆ ಜಾಸ್ತಿ ಮೇಡಂ, ಸುಮ್ನಿರಿ' ಅಂದರು ನನ್ನ ಕಿವಿಯಲ್ಲಿ.

ಉಡುಗೊರೆ ಯಾವುದೆಂದು ನಿನಗೆ ಗೊತ್ತೇ ಇದೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ. ಇಲ್ಲಿಂದ ಕಿತ್ತು ನಿಮ್ಮ ಬಡಾವಣೆಯ ಹಿಂದಿನ ಬಯಲಿಗೆ ತರುವುದು ಅದನ್ನೇ.

ಇವತ್ತು ಬೆಳಿಗ್ಗೆ ಇಲ್ಲಿಯ ಕಾರ್ಖಾನೆಯ ಪಕ್ಕದ ಶಾಲೆಗೆ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲೇ ಮಕ್ಕಳು ಶೂ ಕಳಚಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡುತ್ತಾರೆ. ಟೀಚರಮ್ಮ ಒಬ್ಬೊಬ್ಬರ ಕೈಯನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಬೆರಳ ಸಂದಿಯನ್ನೂ ಬಿಡದೆ. ಅಂಗಳದಲ್ಲಿ ಒಂದೇ ಒಂದು ಮಗುವಿಲ್ಲ, ಜಾರುಬಂಡೆಗೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಸಾಹೇಬರು ಕರಗಿಹೋದರು. 'ಏನ್ ಶಿಸ್ತು ಮೇಡಂ! ನಮ್ಮ ಮಕ್ಳಿಗೆ ಮೂಗು ಒರೆಸ್ಕೊಳ್ಳೋಕೂ ಬರಲ್ಲ' ಅಂದರು. ಊರಿಗೆ ಮರಳಿದ ಕೂಡಲೇ ನಮ್ಮ ಎಲ್ಲ ಶಾಲೆಗಳಿಗೂ ಅಂಥದೇ ಶೂ ಪೆಟ್ಟಿಗೆ ಕೊಡಿಸುವುದಾಗಿ ಅಲ್ಲೇ ಘೋಷಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ ಪುಟ್ಟಿ. ಇಷ್ಟು ಓದಿದವಳು, ನಗರದ ಆರೋಗ್ಯಾಧಿಕಾರಿ, ನಾನೂ ಅದನ್ನು ಶಿಸ್ತು ಎಂದೇ ನಂಬಿದೆ.

ಆಮೇಲೆ ಒಂದು ಮಗುವಿನ ಕೈಯಿಂದ ಬಿಸ್ಕತ್ತು ನೆಲಕ್ಕೆ ಬಿತ್ತು. ನಮ್ಮ ಗುಬ್ಬಿಯ ವಯಸ್ಸಿನದೇ ಮಗು. ಎತ್ತಿ ಬಾಯಿಗಿಡುವಷ್ಟರಲ್ಲಿ ಟೀಚರಮ್ಮ ಹಾರಿಬಂದು ಕೈಗೆ ಹೊಡೆದು ಅದನ್ನು ಕೆಡವಿದರು. ಮಗು ಅಳಲಿಲ್ಲ. ರೂಢಿಯಾದವರ ಹಾಗೆ ಬಾಯಿ ತೆರೆದು ತೋರಿಸಿತು, ಒಳಗೇನೂ ಇಲ್ಲ ಎಂದು.

ಸಾಹೇಬರು ಫೋಟೋಗೆ ನಿಂತಿದ್ದಾಗ ನಮ್ಮ ದುಭಾಷಿ ಹುಡುಗಿಯನ್ನು ಕರೆದುಕೊಂಡು ಟೀಚರಮ್ಮನ ಬಳಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಹುಡುಗಿ ತಲೆ ಬಗ್ಗಿಸಿ ನಮ್ಮ ಭಾಷೆಗೆ ತಿರುಗಿಸಿದಳು: 'ಆ ಕುಲುಮೆನ ನೀವು ತಗೊಂಡು ಹೋಗ್ತಿದ್ದೀರಂತೆ. ತುಂಬಾ ಉಪಕಾರ ಆಯ್ತು. ನಮ್ಮ ಮಕ್ಕಳ ರಕ್ತದಲ್ಲಿ ಸೀಸ ಸೇರ್ಕೊಂಡಿದೆ. ಕಲಿತ ಅಕ್ಷರ ಮರುದಿನ ಮರೆತುಬಿಡ್ತಾರೆ.' ನಮಗೆಲ್ಲ ತಿಳಿದಿದೆ ಎಂದುಕೊಂಡಿದ್ದರು. ತಿಳಿದೂ ಒಯ್ಯುವ ದೊಡ್ಡ ಮನಸ್ಸಿನವರು ನಾವು ಎಂದು.

ಕಾರಿನಲ್ಲಿ ಸಾಹೇಬರಿಗೆ ಹೇಳಿದೆ. ಅವರು ಕೋಪಿಸಿಕೊಂಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಕ್ಕರು. 'ಟೀಚರ್‌ಗಳು ಯಾವೂರಲ್ಲೂ ಅಷ್ಟೇ ಮೇಡಂ, ಗೋಳಾಡ್ತಾನೇ ಇರ್ತಾರೆ. ನಿಮ್ಮ ಅಳಿಯಂದಿರಿಗೆ ಸೂಪರ್‌ವೈಸರ್ ಹುದ್ದೆ ಅಂತ ಹೇಳಾಗಿದೆ. ಮಗಳ ಮನೆ ಕಾರ್ಖಾನೆ ಕಾಂಪೌಂಡಿಗೇ ಅಂಟ್ಕೊಂಡಿರುತ್ತಲ್ಲ? ಮಧ್ಯಾಹ್ನ ಊಟಕ್ಕೆ ಮನೆಗೇ ಹೋಗ್ಬಹುದು.' ನಿನ್ನ ಮನೆ ಎಲ್ಲಿದೆ ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ನಾಳೆ ಒಪ್ಪಂದ. ಸಹಿಗೆ ಮೊದಲು ಆರೋಗ್ಯಾಧಿಕಾರಿ ಎರಡು ಬಾವುಟಗಳ ನಡುವೆ ನಿಂತು, ನೋಡಿದ್ದೇನೆ, ಆಕ್ಷೇಪಣೆಯಿಲ್ಲ ಎಂದು ಎಲ್ಲರೆದುರು ಹೇಳಬೇಕು. ನಾನು ಆಕ್ಷೇಪಣೆ ಇದೆ ಎಂದು ಹೇಳುತ್ತೇನೆ ಪುಟ್ಟಿ. ಆಮೇಲೆ ನನ್ನನ್ನು ಯಾವ ಮೂಲೆಗೆ ಎಸೆಯುತ್ತಾರೋ ತಿಳಿಯದು. ಆದರೆ ನನಗೆ ನಿಜವಾದ ಭಯ ನಿನ್ನದು. ಹೋದ ವಾರ ನೀನು ಹೇಳಿದ್ದೆ, ಕೆಲಸದ ಸುದ್ದಿ ಬಂದಾಗಿನಿಂದ ಅಳಿಯಂದಿರು ದಿನಾ ಗಡ್ಡ ಬೋಳಿಸುತ್ತಿದ್ದಾರೆ, ಊಟದ ಹೊತ್ತಿನಲ್ಲಿ ಮಾತಾಡುತ್ತಿದ್ದಾರೆ ಎಂದು. ಆ ಮಾತನ್ನು ನಿನ್ನ ಮನೆಯಿಂದ ಕಿತ್ತುಕೊಳ್ಳುವವಳು ನಾನೇ ಆಗುತ್ತೇನೆ. ಬೈದುಕೋ, ಮಾತು ಬಿಡು, ಆದರೆ ಗುಬ್ಬಿ ನಿನ್ನೆ ಕಲಿತ ಹಾಡು ಇವತ್ತೂ ಅವಳ ಬಾಯಲ್ಲಿರಬೇಕು.

ಚೀಲದಲ್ಲಿ ಕವಿತೆಯ ಪುಸ್ತಕ ತಂದಿದ್ದೆ. ತೆರೆದರೆ ಸಾಲುಗಳು ಕಣ್ಣಿಗೆ ಬೀಳುತ್ತವೆ, ಒಳಗೆ ಇಳಿಯುವುದಿಲ್ಲ. ಕಿಟಕಿಯ ಅಂಚಿನಲ್ಲಿ ಬೂದಿ ಬಣ್ಣದ ತೆಳು ಪುಡಿ ಕೂತಿದೆ. ಬೆಳಿಗ್ಗೆ ಒರೆಸಿದ್ದೆ, ಮತ್ತೆ ಕೂತಿದೆ.

ಗುಬ್ಬಿಯ ಕೆನ್ನೆಗೆ ಮುತ್ತು.

ನಿನ್ನ,
ಅಮ್ಮ

ತಾ.ಕ.: ಶುಕ್ರವಾರ. ಇದನ್ನು ಇನ್ನೂ ಅಂಚೆಗೆ ಹಾಕಿಲ್ಲ. ಬಾವುಟಗಳ ನಡುವೆ ನಿಂತೆ. ಮುಂದಿನ ಸಾಲಿನಿಂದ ಸಾಹೇಬರು ನನ್ನನ್ನು ನೋಡಿ, ಮನೆಯವರನ್ನು ನೋಡುವ ಹಾಗೆ ನಕ್ಕರು. ನಾನು ಆಕ್ಷೇಪಣೆಯಿಲ್ಲ ಎಂದೆ. ದನಿ ನಡುಗಲೂ ಇಲ್ಲ. ಮೊದಲಿಗೆ ಇಲ್ಲಿ ಬರೆಯಬೇಕೆಂದುಕೊಂಡದ್ದು ಇಷ್ಟೇ: ಏನಾದರೂ ನೆಪ ಹೇಳಿ ಮನೆ ಖಾಲಿ ಮಾಡು, ಅಕ್ಕಪಕ್ಕದವರಿಗೆ ಗೊತ್ತಾಗುವುದು ಬೇಡ. ಬರೆಯಲು ಕೈ ಬರಲಿಲ್ಲ. ನಿನ್ನ ಪಕ್ಕದ ಮನೆಯಲ್ಲೂ ಮಗುವಿದೆಯಲ್ಲ, ಇನ್ನೂ ತೆವಳುವುದು. ಈ ಕಾಗದವನ್ನು ಅದರ ತಾಯಿಗೆ ಓದಿ ಹೇಳು. ಬೀದಿಗೆಲ್ಲ ಓದಿ ಹೇಳು. ಕಾಗದದ ಮೇಲಿನ ನನ್ನ ಸಹಿಯನ್ನೂ ತೋರಿಸು, ಹಿಂಜರಿಯಬೇಡ. ನಮ್ಮ ಪ್ರವಾಸ ಇನ್ನೂ ಮೂರು ವಾರವಿದೆ, ನಾನು ಊರಿಗೆ ಬಂದಿಳಿಯುವ ಮೊದಲೇ ಓದಿಬಿಡು. ಎದುರಿಗಿದ್ದರೆ ಬೇಡ ಅಂದುಬಿಡುತ್ತೇನೆ.